ಊಟದ ಮೇಜಿನ ಮಹಾಸಾಗರ
ನಮ್ಮ ಭಾವ ತಾವೇ ಕಟ್ಟುತ್ತಿರುವ ಶಾಂತಸಾಗರದ ಯುದ್ಧದಾಟಕ್ಕೆ ರಟ್ಟಿನ ಹಡಗು, ವಿಮಾನಗಳನ್ನು ಹರಡಿದರೆ ಅಕ್ಕನ ಊಟದ ತಟ್ಟೆಗಳು ಮೇಜಿನಿಂದ ನೆಲಕ್ಕಿಳಿಯುತ್ತವೆ. ನಿಯಮಗಳೆಲ್ಲ ಅವರವು, ಪರೀಕ್ಷೆಗೆ ಎದುರಾಳಿ ನಾನು. "ಆರು ಬಾಂಬರ್ ಕಳ್ಸಿದೀನಿ ಭಾವ, ಒಂದೂ ತಾಗ್ಲಿಲ್ವಾ?" ಎಂದರೆ ಕುರ್ಚಿಯಿಂದ ಜಿಗಿಯುತ್ತಾರೆ: "ಅಷ್ಟು ಎತ್ತರದಿಂದ ಹಾಕಿದ್ರೆ ಹಡಗು ಸುಮ್ನೆ ನಿಂತಿರತ್ತೇನೋ? ತಿರುಗತ್ತೆ!" ಉಪ್ಪಿನ ಡಬ್ಬಿಯನ್ನು ಸರ್ರನೆ ತಿರುಗಿಸಿ ತೋರಿಸುವಾಗ ಮೇಜೆಲ್ಲ ಉಪ್ಪು. "ಒಂದಾದ್ರೂ ತಾಗಿಸ್ರೀ, ಪಾಪ" ಎಂದು ಅಕ್ಕ ಗೋಗರೆದರೂ ಜಪ್ಪಯ್ಯ ಎನ್ನುವುದಿಲ್ಲ. ಇಂಧನ ಮುಗಿದರೆ ವಿಮಾನ ನೀರುಪಾಲು; ಅದೂ ಅವರದೇ ನಿಯಮ. ನಿನ್ನೆ ನನ್ನ ವಿಮಾನವೊಂದರ ಇಂಧನ ಅದು ಇಳಿಯಬೇಕಿದ್ದ ನನ್ನ ಹಡಗಿಗೆ ಇನ್ನೊಂದೇ ಮನೆ ಇರುವಾಗ ಮುಗಿಯಿತು. ಕುಣಿದಾಡಬೇಕಿದ್ದ ಭಾವ ಸದ್ದಿಲ್ಲದೆ ನನ್ನ ಹಡಗನ್ನೇ ಬೆರಳಿನಿಂದ ಅದರತ್ತ ತಳ್ಳಿದರು. "ನಿಯಮ?" ಎಂದೆ. "ವಿಮಾನದ ಒಳಗೆ ಹುಡುಗ್ರು ಇದಾರಲ್ಲೋ" ಎಂದರು.