ಅರಿಷಿಣದ ಆರು ಅಂಕಿಗಳು

ಮೊನ್ನೆ ಮೊಮ್ಮಕ್ಕಳು ನೀವು ಹುಣಸೆಹಣ್ಣು ಹಚ್ಚಿ ಹಳೆಯ ಹಿತ್ತಾಳೆ ತಾಟು ತಿಕ್ಕುತ್ತಿದ್ದಿರಿ. ಆ ಹುಳಿ ವಾಸನೆ ಒಳಗೆ ಬಂದೊಡನೆ ನನಗೆ ಚಿಕ್ಕಮ್ಮನಂತಿದ್ದ ಮಗ್ಗಲ ಮನೆಯ ಮಾವಶಿ ನೆನಪಾದಳು...

ಎಂಬತ್ತರ ದಶಕದ ಮಾತು. ಕರೋಶಿಯಿಂದ ಐನಾಪುರಕ್ಕೆ ಸೊಸೆಯಾಗಿ ಬಂದಿದ್ದೆ. ನಮ್ಮ ಕಡೆ ಹೊಸ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ, ಪ್ರಾಸ ಕಟ್ಟಿ ಹೇಳಬೇಕು. ಮದುವೆಯ ದಿನ ನಾದಿನಿ ಹೊಸ್ತಿಲಿಗೆ ಅಡ್ಡ ನಿಂತು ಕೇಳಿದಾಗ ನನ್ನ ಬಾಯಿಂದ ಉಸಿರೇ ಹೊರಡಲಿಲ್ಲ. ಅಂದಿನಿಂದ ಅತ್ತಿಗೆಯಾದ ನಾನು ಅವಳಿಗೆ "ಮೂಕ ವೈನಿ". ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಓಣಿಯ ಹೆಂಗಸರೆಲ್ಲ ಬರುವವರಿದ್ದರು. ಆಗಲೂ ಹೇಳದಿದ್ದರೆ ಆ ಅಡ್ಡಹೆಸರು ಜನ್ಮಕ್ಕೆ ಅಂಟುತ್ತಿತ್ತು.

ಮಾವಶಿ ನಿಪ್ಪಾಣಿಯ ಜೈನರ ಮನೆ ಮಗಳು. ಸಣ್ಣವಳಿದ್ದಾಗ ಅಪ್ಪ ಅವಳಿಗೆ ಲೆಕ್ಕದ ಆಟ ಆಡಿಸುತ್ತಿದ್ದನಂತೆ. ನನ್ನ ಅಂಜಿಕೆ ಕೇಳಿ ಅವಳೆಂದಳು:

"ಮಂದಿ ನಿನ್ನ ಮಾರಿ ನೋಡ್ತಾರಂತ ಅಂಜತಿ, ಹೌದಿಲ್ಲೋ? ಅವರು ತಾಟ ನೋಡ್ಲಿ ಬೇ!"

ಹುಣಸೆ ಹಚ್ಚಿ ತಿಕ್ಕಿದ ಇದೇ ಹಿತ್ತಾಳೆ ತಾಟಿನ ಅಂಚಿಗೆ ಅರಿಷಿಣದಲ್ಲಿ ಸುತ್ತಲೂ ಆರು ಅಂಕಿ ಬರೆದಳು: ೧, ೪, ೨, ೮, ೫, ೭. ಒಂದರಿಂದ ಓದಿದರೆ ಒಂದು ಲಕ್ಷ ನಲವತ್ತೆರಡು ಸಾವಿರದ ಎಂಟುನೂರಾ ಐವತ್ತೇಳು. ತಾಟು ತಿರುಗಿಸಿ ಎರಡರಿಂದ ಓದಿದರೆ ಅದರ ಎರಡು ಪಟ್ಟು. ನಾಲ್ಕರಿಂದ ಓದಿದರೆ ಮೂರು ಪಟ್ಟು. ಹೀಗೆ ಆರು ಪಟ್ಟಿನವರೆಗೂ ಅವೇ ಅಂಕಿ, ಅದೇ ಸಾಲು, ಶುರು ಮಾತ್ರ ಬೇರೆ. ಏಳರಿಂದ ಗುಣಿಸಿದರೆ ಮಾತ್ರ ಒಂಬತ್ತು ಬಿಟ್ಟು ಬೇರೆ ಅಂಕಿಯೇ ಇಲ್ಲ! "ಏಳ ಹೆಜ್ಜಿ ತುಳದಮ್ಯಾಲ ಹೊಸ ಜಲ್ಮ ಅಲ್ಲೇನ?" ಎಂದು ನಕ್ಕಳು.

ಸಂಕ್ರಾಂತಿ ಬಂತು. ತಲೆ ಬಗ್ಗಿಸಿಕೊಂಡೇ ತಾಟು ತಿರುಗಿಸುತ್ತ ಹೇಳಿದೆ:

"ಆರು ಅಂಕಿ ತಿರಗತಾವ ತಾಟಿನ ಸುತ್ತ,
ಏಳಕ್ಕ ಎಲ್ಲಾ ಆಗತಾವ ಒಂಬತ್ತ..."

ಮೂರನೆಯ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ನಾದಿನಿ, "ಸುಳ್ಳ! ನಾ ಗುಣಿಸಿ ನೋಡತೀನಿ" ಎಂದು ಇದ್ದಲು ತಂದು ನೆಲದ ಮೇಲೆ ಕುಳಿತೇಬಿಟ್ಟಳು. ಹೆಂಗಸರೆಲ್ಲ ಅವಳ ಸುತ್ತ ಮುಗಿಬಿದ್ದರು. "ಲೇ, ದಶಕ ಬಿಟ್ಟಿ ನೋಡ!" "ನೀ ಸುಮ್ಮನಿರ!" "ಅಯ್ಯ, ಈಗರ ಸಾರಿಸಿದ ನೆಲಾನ ಬೇ!" ಎಂದು ಅತ್ತೆ. ನನ್ನತ್ತ ನೋಡುವವರೇ ಇಲ್ಲ. ಕಾದೆ, ಕಾದೆ... ಕೊನೆಗೆ ತಡೆಯದೆ ಕೂಗಿದೆ: "ಯಾರಾರ ನನಗ ಹೆಸರ ಕೇಳ್ರಿ!"

ಆಗ ಎದ್ದ ನಗೆಗೆ ಹೊರಗೆ ಕುಳಿತಿದ್ದ ಗಂಡಸರೂ ಇಣುಕಿದರು. ಮಾವಶಿ ಸೆರಗು ಬಾಯಿಗೆ ಇಟ್ಟುಕೊಂಡು ಕಣ್ಣೀರು ಬರುವಂತೆ ನಗುತ್ತಿದ್ದಳು. ನಾನು ಹೆಸರು ಹೇಳಿದೆ. ಮೂಕ ವೈನಿ ಅಲ್ಲಿಗೆ ಮುಗಿದಳು.

ಮಾವಶಿ ಈಗಿಲ್ಲ. ನಿಮ್ಮ ಅಜ್ಜನೂ ಇಲ್ಲ. ಗಂಡ ಹೋದವಳನ್ನು ಯಾರೂ ಹೆಸರು ಕೇಳುವುದಿಲ್ಲ. ಅದೂ ನಮ್ಮ ಕಡೆಯ ರೀತಿಯೇ.

ಮೊನ್ನೆ ನಾನು ತಾಟಿಗೆ ಅಂಕಿ ಬರೆದು ತೋರಿಸಿದಾಗ ನೀವು ಮೊಬೈಲಿನಲ್ಲಿ ಗುಣಿಸಿ, "ಆಯೀ, ಖರೇ ಐತಿ!" ಎಂದು ಕುಣಿದಿರಿ. ಹೆಸರು ಕೇಳುವುದನ್ನು ನೀವೂ ಮರೆತಿರಿ. ಇರಲಿ, ಒಡಪಿನ ಆ ಮೂರನೆಯ ಸಾಲು ನಾನೇ ಹೇಳುತ್ತೇನೆ:

"ಬಾಳಗೌಡರ ಹೆಸರ ನನಗ ಮೊದಲಽ ಗೊತ್ತ."