ನಾದಿನಿಯ ಬೆಕ್ಕಿನ ಕಿವಿ

ಬೆಕ್ಕು ಅಂದರೆ ನನಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ನಮ್ಮ ಬೀದಿಯಲ್ಲಿ ನನ್ನನ್ನು ಬೆಕ್ಕಿನಜ್ಜಿ ಅನ್ನುತ್ತಾರೆ. ಬೆಕ್ಕು ಸಾಕುವ ಅಜ್ಜಿ ನಾನಲ್ಲ. ನಾನು ಈ ಕೆಲಸಕ್ಕೆ ಸೇರಿದ್ದು ಮಂಡಿನೋವಿನ ದೆಸೆಯಿಂದ.

ನಮ್ಮದು ತಮಿಳುನಾಡಿನ ತೇನಿ ಹತ್ತಿರದ ಮಾರ್ಕಯನ್‌ಕೋಟ್ಟೈ. ಬಸ್ಸು ನಿಲ್ಲುವ ಕಡೆ ಒಂದು ಮೀನಂಗಡಿ ಇದೆ, ಅದಕ್ಕೆ ಅಂಟಿಕೊಂಡು ಒಂದು ಕೋಳಿ ಅಂಗಡಿ. ಅಲ್ಲಿ ಬಿಸಾಕುವ ತಲೆ, ಕರುಳು ತಿಂದು ಕೊಬ್ಬಿದ ಬೀದಿ ಬೆಕ್ಕುಗಳು ವರ್ಷಕ್ಕೆ ಮೂರು ಸಲ ಈಯುತ್ತಿದ್ದವು. ತಿನ್ನುವುದು ಅಲ್ಲಿ, ಈಯುವುದಕ್ಕೆ ಮಾತ್ರ ನಮ್ಮ ಮನೆಯ ಅಟ್ಟವೇ ಆಗಬೇಕು. ಅಟ್ಟದಲ್ಲಿ ಹಾಸಿಗೆಗೆಂದು ಬೂರುಗದ ಹತ್ತಿ ಮೂಟೆ ಕಟ್ಟಿ ಇಟ್ಟಿದ್ದೆ. ನನ್ನ ಬಾಣಂತನದಲ್ಲೂ ನನಗೆ ಯಾರೂ ಅಷ್ಟು ಮೆತ್ತಗೆ ಹಾಸಿಕೊಟ್ಟಿರಲಿಲ್ಲ.

ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದಾರೆ. ನಮ್ಮ ಹಾಗೆ ಕನ್ನಡದವರಲ್ಲ, ತಮಿಳಿನವರು, ಕೆಲಸದಿಂದ ನಿವೃತ್ತಿಯಾದವರು, ಆದರೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಒಂದು ದಿನ ಸಂಜೆ ಬೀದಿಯ ಹೆಂಗಸರನ್ನೆಲ್ಲ ಬೇವಿನ ಮರದ ಕಟ್ಟೆಗೆ ಕರೆದರು. ಬೆಕ್ಕುಗಳನ್ನು ಗೂಡಿಟ್ಟು ಹಿಡಿಯೋಣ, ತೇನಿಗೆ ಒಯ್ದರೆ ಒಬ್ಬ ಡಾಕ್ಟರಮ್ಮ ಮರಿಯಾಗದ ಹಾಗೆ ಆಪರೇಷನ್ ಮಾಡಿಕೊಡುತ್ತಾರೆ, ಮಾರನೇ ದಿನ ತಂದು ಹಿಡಿದ ಜಾಗದಲ್ಲೇ ಬಿಡೋಣ, ಯಾರು ಯಾರು ಸೇರುತ್ತೀರಿ ಅಂತ ಕೇಳಿದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಒಬ್ಬೊಬ್ಬರೇ ಎದ್ದು ಹೋದರು. ಅಷ್ಟೊಂದು ಹಾಲು ನಮ್ಮ ಬೀದಿಯಲ್ಲಿ ಯಾವತ್ತೂ ಕಾದಿಲ್ಲ. ನನಗೆ ಏಳಬೇಕಾದರೆ ಎರಡು ಕೈ ಊರಿ, ಮರ ಹಿಡಿದು, ದೇವರನ್ನು ಬೈದು ಏಳಬೇಕು. ಎದ್ದು ನಿಲ್ಲುವಷ್ಟರಲ್ಲಿ ಕಟ್ಟೆ ಖಾಲಿ.

"ನೀಂಗ ವರೀಂಗಳಾ ಅಮ್ಮಾ," ಅಂದರು ನರ್ಸಮ್ಮ. ಬರುತ್ತೀರಾ ಅಂತ ಕೇಳಿದ್ದು. ಕೇಳುವ ಮುಂಚೆಯೇ ನನ್ನ ಕೈ ಹಿಡಿದುಕೊಂಡಿದ್ದರು.

ಕೆಲಸ ಕಷ್ಟದ್ದಲ್ಲ, ಅಸಹ್ಯದ್ದು. ಉದ್ದನೆಯ ತಂತಿಗೂಡಿನ ಹಿಂದಿನ ತುದಿಯಲ್ಲಿ ಒಣಮೀನು ಇಡಬೇಕು. ಬೆಕ್ಕು ಒಳಗೆ ಹೋಗಿ ನಡುವಿನ ತಗಡು ತುಳಿದರೆ ಬಾಗಿಲು ಬೀಳುತ್ತದೆ. ಬಿದ್ದ ತಕ್ಷಣ ಮೇಲೆ ಹಳೇ ಸೀರೆ ಹೊದಿಸಬೇಕು. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ, ಆದರೆ ಸುಮ್ಮನಾಗುವ ಮುಂಚೆ ಸೀರೆಯ ಮೇಲೆ ಉಚ್ಚೆ ಹೊಯ್ಯುತ್ತದೆ. ಆಪರೇಷನ್ ಮಾಡುವಾಗ, ಮತ್ತಿನಲ್ಲಿರುವಾಗಲೇ, ಎಡಗಿವಿಯ ತುದಿಯನ್ನು ಚೂರು ಕತ್ತರಿಸುತ್ತಾರೆ. ಇದಕ್ಕೆ ಆಗಿದೆ, ಇನ್ನೊಂದು ಸಲ ಹಿಡಿಯಬೇಡಿ ಅಂತ ದೂರದಿಂದಲೇ ಗುರುತು ಹತ್ತಲಿ ಅಂತ. ಇಷ್ಟಕ್ಕೂ ಮೊದಲು ಬೆಕ್ಕಿಗೆ ಹಸಿವಾಗಿರಬೇಕು. ಹಿಡಿಯುವ ಹಿಂದಿನ ದಿನ ಬೀದಿಯಲ್ಲಿ ಯಾರೂ ಒಂದು ಅಗುಳು ಅನ್ನ ಹೊರಗೆ ಹಾಕಬಾರದು. ಅದನ್ನು ಮನೆ ಮನೆಗೆ ಹೋಗಿ ಹೇಳುವ ಕೆಲಸ ನನ್ನದು. ನನಗೆ ಅಕ್ಷರ ಅಷ್ಟಕ್ಕಷ್ಟೇ, ಬಾಯಿ ಚೆನ್ನಾಗಿದೆ.

ಕೆಲವು ತಿಂಗಳು ಹೀಗೇ ನಡೆಯಿತು. ಒಂದು ಸಲ ಎಂದಿನಂತೆ ಎದುರು ಮನೆಗೂ ಹೇಳಿದೆ. ಎದುರು ಮನೆ ಅಂದರೆ ನನ್ನ ನಾದಿನಿ, ಗಂಡನ ತಂಗಿ. ನಲವತ್ತು ವರ್ಷದಿಂದ ನಾನು ಹೇಳಿದ ಒಂದು ಮಾತನ್ನೂ ಅವಳು ಕೇಳಿದವಳಲ್ಲ. ನಾನು ಉಪ್ಪು ಕಮ್ಮಿ ಅಂದರೆ ಇನ್ನಷ್ಟು ನೀರು ಹಾಕುವವಳು. ಅವಳ ಮನೆಯಲ್ಲಿ ಬೂದಿ ಬಣ್ಣದ ಪಟ್ಟೆ ಬೆಕ್ಕು ಒಂದಿತ್ತು. ಜೋಳದ ಕೋಣೆಯಲ್ಲಿ ಒಂದು ಇಲಿ ಉಳಿಸಿರಲಿಲ್ಲ. ಆ ಬೆಕ್ಕಿನ ಹೊಟ್ಟೆಯಿಂದ ಮುಂದೆ ಹುಟ್ಟುವ ಎರಡು ಮರಿಗೆ ಆಗಲೇ ಮಾತಾಗಿತ್ತು. ನಾದಿನಿಯ ಮಗಳನ್ನು ಕೊಟ್ಟಿರುವುದು ಆಂಡಿಪಟ್ಟಿಗೆ. ಅಲ್ಲಿ ಬೀಗಿತ್ತಿಯ ಕಡಲೆಕಾಯಿ ಕೋಣೆಗೆ ಇಲಿ ನುಗ್ಗಿತ್ತು. ನಮ್ಮವರಲ್ಲಿ ಬೆಕ್ಕಿನ ಮರಿಯನ್ನು ಮಾರುವುದಿಲ್ಲ, ಬಿಟ್ಟಿಯಾಗಿ ಒಯ್ಯುವುದೂ ಇಲ್ಲ. ಬೇಕಾದವರು ಒಂದು ಪಡಿ ಕಾಳು ಕಳಿಸುತ್ತಾರೆ. ಕಾಳು ಮನೆಯೊಳಗೆ ಹೋಯಿತೆಂದರೆ ಮರಿ ಅವರದು. ಬೀಗಿತ್ತಿ ತುಂಬಿದ ಪಡಿ ಕಡಲೆಕಾಯಿ ಕಳಿಸಿದ್ದಳು. ಅದನ್ನು ಉಪ್ಪು ಹಾಕಿ ಬೇಯಿಸಿ ಜಗುಲಿಯ ಮೇಲೆ ಕೂತು ತಿಂದೆವು. ಅರ್ಧ ನಾನೇ ತಿಂದೆ.

ಹಿಡಿಯುವ ದಿನ ಬೆಳಗ್ಗೆ ಐದೂವರೆಗೆ ಮೀನಂಗಡಿಯ ಹತ್ತಿರ ನಾಲ್ಕು ಗೂಡು ಇಟ್ಟೆವು. ಮೂರು ಬೆಕ್ಕು ಉಗಿದು, ಗುರುಗುಟ್ಟಿ, ಅರ್ಧ ಗಂಟೆ ಸತಾಯಿಸಿ ಬಿದ್ದವು. ನಾಲ್ಕನೆಯದು, ಬೂದಿ ಪಟ್ಟೆಯದು, ಅತ್ತೆ ಮನೆಗೆ ಬಂದ ಅಳಿಯನ ಹಾಗೆ ನೆಟ್ಟಗೆ ನಡೆದು ಬಂದು ಗೂಡಿನೊಳಗೆ ಹೋಗಿ ತಿನ್ನುತ್ತಾ ಕೂತಿತು. ಬಾಗಿಲು ಬಿದ್ದರೂ ತಿರುಗಿ ನೋಡಲಿಲ್ಲ.

"ಇದು ವೀಟ್ಟು ಪೂನೆ ಮಾದಿರಿ ಇರುಕ್ಕೇಮ್ಮಾ," ಮನೆ ಬೆಕ್ಕಿನ ಹಾಗೆ ಕಾಣುತ್ತದಲ್ಲ, ಅಂದರು ನರ್ಸಮ್ಮ.

"ಮೀನಂಗಡೀದೇ, ನನಗೆ ಗೊತ್ತಿಲ್ವಾ," ಅಂದೆ. ನನಗೆ ಒಂದು ಕಣ್ಣಿನಲ್ಲಿ ಪೊರೆ ಇದೆ, ಇನ್ನೊಂದು ಕಣ್ಣಿನಲ್ಲಿ ಆಪರೇಷನ್ ಆಗಿದೆ. ಬೆಳಕು ಪೂರ್ತಿ ಹರಿದಿರಲಿಲ್ಲ. ಆದರೂ ತಪ್ಪು ಕಣ್ಣಿನದಲ್ಲ, ಬಾಯಿಯದು. ನರ್ಸಮ್ಮ ಕೇಳಿದಾಗ ಗೊತ್ತಿಲ್ಲ ಅನ್ನಬಹುದಿತ್ತು. ಅದನ್ನು ಅಂದು ನನಗೆ ಅಭ್ಯಾಸವಿಲ್ಲ.

ಮಾರನೇ ದಿನ ಸಂಜೆ ಆಟೋದಲ್ಲಿ ತಂದು ಮೀನಂಗಡಿಯ ಮುಂದೆ ಗೂಡು ತೆರೆದೆವು. ಮೂರು ಬೆಕ್ಕು ಬಾಣದ ಹಾಗೆ ಓಡಿದವು. ಪಟ್ಟೆ ಬೆಕ್ಕು ಮಾತ್ರ ಮೈ ಮುರಿದು, ಬಾಲ ಎತ್ತಿ, ನಮ್ಮ ಬೀದಿಗೆ ತಿರುಗಿತು. ಬೇರೆ ಯಾರ ಮನೆಗಾದರೂ ನುಗ್ಗಲಿ ಅಂತ ಅಂದುಕೊಳ್ಳುತ್ತಾ ಹಿಂದೆಯೇ ಹೋದೆ. ಒಂದೊಂದೇ ಮನೆ ದಾಟಿತು. ನಾದಿನಿಯ ಮೆಟ್ಟಿಲು ಹತ್ತಿ, ತನ್ನ ತಟ್ಟೆಯ ಮುಂದೆ ಕೂತು, ಹಾಲು ಕೇಳಿತು.

ನಾದಿನಿ ಪೊರಕೆ ಹಿಡಿದು ಹೊರಗೆ ಬಂದಳು. ಬೆಕ್ಕನ್ನು ನೋಡಿದಳು. ನನ್ನನ್ನು ನೋಡಿದಳು.

"ಏನಿದು ಕಿವಿ," ಅಂದಳು.

"ಯಾವ ಕಿವಿ," ಅಂದೆ.

"ಬೆಕ್ಕಿಗೆ ಎಷ್ಟ್ ಕಿವಿ ಐತೆ ಅತ್ತಿಗೆ. ಎಡಗಡೇದು."

"ಅದು ಗುರ್ತು. ಆಪರೇಷನ್ ಆದ ಗುರ್ತು."

"ನನ್ ಬೆಕ್ಕಿಗಾ?"

"ನಿನ್ ಬೆಕ್ಕು ಅಂತ ಅದು ಹೇಳ್ಲಿಲ್ಲ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಹೊಡೆಯುತ್ತಾಳೆ ಅಂದುಕೊಂಡಿದ್ದೆ; ಹೊಡೆದಿದ್ದರೆ ಚೆನ್ನಾಗಿತ್ತು. "ಅನ್ನ ಹಾಕ್ಬೇಡ ಅಂದ್ಯಲ್ಲ," ಅಂದಳು. "ಊರೆಲ್ಲಾ ಕೇಳ್ತಾ ಐತೆ, ನಾನೊಬ್ಳು ಯಾಕೆ ಕೆಡಿಸ್ಲಿ ಅಂತ ಇದಕ್ಕೂ ಹಾಕ್ಲಿಲ್ಲ. ಹಸ್ಕೊಂಡು ಹೊರಗೋಗೈತೆ, ಪಾವಂ, ಪಾಪದ್ದು. ಕಡ್ಲೆಕಾಯಿ ತಿಂದು ವಾಕು ಕೊಟ್ಟಿವ್ನಿ. ಇನ್ನ ಆ ಸಮ್ಮಂದಿ ಮುಂದೆ ಏನಂತ ನಿಂತ್ಕೊಳ್ಲಿ?"

ಸಮ್ಮಂದಿ ಅಂದರೆ ಬೀಗಿತ್ತಿ. ಜೀವನದಲ್ಲಿ ಒಂದೇ ಒಂದು ಸಲ ನಾದಿನಿ ನನ್ನ ಮಾತು ಕೇಳಿದ್ದಳು, ಅದಕ್ಕೆ ಸಿಕ್ಕಿದ್ದು ಇದು. ಮಗಳನ್ನು ಕೊಟ್ಟ ಮನೆಯಲ್ಲಿ ಮಾತು ತಪ್ಪಿದವಳಾದರೆ ಅದು ಅವಳಿಗೆ ನಿಲ್ಲುವುದಿಲ್ಲ, ಅಲ್ಲಿ ಬಾಳುವ ಮಗಳ ಕಿವಿಗೆ ದಿನಾ ಬೀಳುತ್ತದೆ. ನನಗೆ ಅದು ಗೊತ್ತಿತ್ತು.

ಅವತ್ತಿನಿಂದ ಮಾತು ನಿಂತಿತು. ನಿಂತಿತು ಅಂದರೆ, ನನ್ನ ಜೊತೆ ನಿಂತಿತು. ಬೆಳಗ್ಗೆ ಮೆಟ್ಟಿಲ ಮೇಲೆ ಕೂತು, ನನಗೆ ಕೇಳುವಷ್ಟು ಗಟ್ಟಿಯಾಗಿ ಬೆಕ್ಕಿನ ಜೊತೆ ಮಾತಾಡುವಳು.

"ಕಿವಿ ಚುಚ್ಚೋಕೂ ಮಾಮನ ಮಡ್ಲು ಬೇಕು, ಆಡು ಕಡೀಬೇಕು, ನೆಂಟ್ರಿಗೆ ಹೇಳ್ಬೇಕು. ನಿಂಗೆ ಯಾರೂ ದಿಕ್ಕಿಲ್ದಂಗೆ ಕುಯ್ದು ಕಳಿಸವ್ರೆ ನೋಡು."

ನಾನು ಈ ಕಡೆಯಿಂದ ಬೆಕ್ಕಿಗೇ ಉತ್ತರ ಕೊಡುತ್ತಿದ್ದೆ. "ನಾಲ್ಕು ತಿಂಗಳಿಗೊಂದು ಬಾಣಂತನ ತಪ್ಪಿಸಿದ್ದೀನಿ, ನಿಮ್ಮಮ್ಮನಿಗೆ ಹೇಳು. ಯಾರಾದ್ರೂ ನನಗೆ ಹಂಗೆ ತಪ್ಸಿದ್ರೆ ಕಾಲಿಗೆ ಬೀಳ್ತಿದ್ದೆ ಅಂತ ಹೇಳು."

ಬೆಕ್ಕು ಇಬ್ಬರನ್ನೂ ನೋಡಿ ಬಿಸಿಲಿಗೆ ಮಲಗುತ್ತಿತ್ತು. ಮೊದಲಿಗಿಂತ ದಪ್ಪವಾಗಿತ್ತು.

ಬಾಯಿ ಏನೇ ಅಂದರೂ ಮಾತು ಉಳಿಸಬೇಕಾದವಳು ನಾನೇ. ಎರಡಲ್ಲದಿದ್ದರೆ ಒಂದು ಮರಿಯನ್ನಾದರೂ ತಂದುಕೊಡೋಣ ಅಂತ ಹೊರಟೆ. ಮರಿಯೇ ಇಲ್ಲ. ನಾನೂ ನರ್ಸಮ್ಮನೂ ಅದರ ಹಿಂದಿನ ತಿಂಗಳುಗಳಲ್ಲಿ ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದೆವು. ನಮ್ಮ ಅಟ್ಟ ಹತ್ತಿ ನೋಡಿದೆ, ಹತ್ತಿ ಮೂಟೆ ಮೂಟೆಯಾಗಿಯೇ ಇತ್ತು. ಕೋಳಿ ಅಂಗಡಿಯವನನ್ನು ಕೇಳಿದೆ. ಎಲ್ಲಾ ಬೆಕ್ಕಿಗೂ ಬೀಗ ಹಾಕಿಸಿ ಈಗ ಮರಿ ಕೇಳೋಕೆ ಬಂದ್ಯಾ ಪಾಟಿ, ಅಜ್ಜಿ, ಅಂತ ಅವನು ಕತ್ತಿ ಕೆಳಗಿಟ್ಟು ನಕ್ಕ. ಚಿನ್ನಮನೂರಿನ ತನಕ ಹೋಗಿ ಗೊತ್ತಿದ್ದ ನಾಲ್ಕು ಮನೆಯಲ್ಲಿ ವಿಚಾರಿಸಿದೆ. ಬೆಕ್ಕು ಕಮ್ಮಿ ಮಾಡುವ ಅಜ್ಜಿಯೇ ಬೆಕ್ಕು ಹುಡುಕುತ್ತಿದ್ದಾಳೆ ಅಂತ ಅಲ್ಲೂ ಸುದ್ದಿಯಾಯಿತು.

ಕೊನೆಗೆ ನರ್ಸಮ್ಮ ಒಂದು ದಾರಿ ಹೇಳಿದರು. ಮೀನಂಗಡಿಯ ಗಂಡು ಬೆಕ್ಕಿಗೆ ಎರಡು ತಿಂಗಳ ಹಿಂದೆಯೇ ಆಪರೇಷನ್ ಆಗಿತ್ತು. ತಾಮ್ರದ ಚೊಂಬಿನಂಥ ಮುಖ, ಕೈಗೆ ಸಿಗುವಷ್ಟು ಸಾಧು. ಟೀ ಅಂಗಡಿಯ ಹಿಂದೆ ಅದು ಒಂದು ಹೆಗ್ಗಣವನ್ನು ಎಳೆದಾಡುವುದನ್ನು ನಾನೇ ನೋಡಿದ್ದೆ. ಅದನ್ನೇ ಒಯ್ಯಿರಿ, ಆದರೆ ಹದಿನೈದು ದಿನ ಕೋಣೆಯಲ್ಲೇ ಕೂಡಿಹಾಕಿ ಅನ್ನ ಹಾಕಬೇಕು, ಇಲ್ಲದಿದ್ದರೆ ಬಂದ ದಾರಿಯನ್ನೇ ಹಿಡಿಯುತ್ತದೆ ಅಂದರು.

ನಾನು ಜಗುಲಿಗೆ ಬಂದು ಪಟ್ಟೆ ಬೆಕ್ಕಿಗೆ ಹೇಳಿದೆ. "ಬುಧವಾರ ಆಂಡಿಪಟ್ಟಿಗೆ ಒಂದು ಗಂಡು ಒಯ್ತಿದ್ದೀನಿ. ಮರಿ ಅಲ್ಲ, ಬೆಳೆದಿದ್ದು. ನಿಮ್ಮಮ್ಮನಿಗೆ ತಿಳಿಸು."

ಎದುರಿನಿಂದ ನಾದಿನಿ ಬೆಕ್ಕಿನ ತಲೆ ಸವರುತ್ತಾ ಅಂದಳು. "ನಾನೂ ಹೋಗ್ತೀನಿ ಕಣೇ. ಒಬ್ಳನ್ನೇ ಕಳಿಸಿದ್ರೆ ಅಲ್ಲಿ ಯಾವ್ದನ್ನ ಕುಯ್ಸಿಕೊಂಡು ಬರ್ತಾಳೋ."

ಬುಧವಾರ ಗೂಡಿಗೆ ಸೀರೆ ಹೊದಿಸಿಕೊಂಡು ಬಸ್ಸು ಹತ್ತಿದೆವು. ತೇನಿಯಲ್ಲಿ ಇಳಿದು ಇನ್ನೊಂದು ಬಸ್ಸು. ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು ಅದು. ಕಂಡಕ್ಟರು ಸೀರೆ ಎತ್ತಿ ನೋಡಿ, ಇದು ಆಣಾ ಪೆಣ್ಣಾ, ಗಂಡಾ ಹೆಣ್ಣಾ, ಅಂತ ಕೇಳಿದ. ಗಂಡಾದರೆ ಟಿಕೆಟ್ ತೆಗೀಬೇಕು ಅಂತ ಮುಖ ಬಿಗಿ ಹಿಡಿದು ಹೇಳಿದ. ಬಸ್ಸಿನವರೆಲ್ಲ ನಕ್ಕರು. ನಾದಿನಿ ಮುಂದಿನ ಸೀಟಿನಲ್ಲಿ ಬೇರೆ ಯಾರ ಜೊತೆಯೋ ಬಂದವಳ ಹಾಗೆ ಕೂತಿದ್ದಳು.

ಆಂಡಿಪಟ್ಟಿಯಲ್ಲಿ ಬೀಗಿತ್ತಿ ಬಾಗಿಲು ತುಂಬ ನಿಂತಿದ್ದಳು. ಪಕ್ಕದಲ್ಲಿ ಒಬ್ಬರಿಗೆ ನುಸುಳಲು ಜಾಗವಿರಲಿಲ್ಲ. ನೀರು ಕೊಟ್ಟಳು, ಕೂರಿಸಿದಳು, ಗೂಡನ್ನು ನಡುಮನೆಯಲ್ಲಿ ಇಡಿಸಿದಳು. ಹೆಣ್ಣು ನೋಡಲು ಬಂದವರು ಹೇಗೆ ಕೂತು ನೋಡುತ್ತಾರೋ ಹಾಗೆ ಬಗ್ಗಿ ಮುಖ ನೋಡಿದಳು, ಕಾಲು ನೋಡಿದಳು, ಬಾಲ ನೋಡಿದಳು. ನಾದಿನಿಯ ಮಗಳು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ನಾನ್ ಕೇಳಿದ್ದು ಮರಿ," ಅಂದಳು ಬೀಗಿತ್ತಿ. "ಇದಕ್ಕೆ ನನ್ನಷ್ಟ್ ವಯಸ್ಸಾಗಿರಂಗೈತೆ. ಕಿವಿ ಬೇರೆ ಊನ."

ನಾನು ಬಾಯಿ ತೆರೆದೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು, ತಪ್ಪು ನನ್ನದು, ನಾದಿನಿಯದಲ್ಲ ಅನ್ನುವುದು ಅಂತ ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಕಿವಿ ಯಾಕೆ ಹಾಗಿದೆ, ಆ ಕೆಲಸ ಮಾಡುವವಳು ನಾನೇ ಅನ್ನುವಷ್ಟರಲ್ಲಿ ಬೀಗಿತ್ತಿ ಸೊಸೆಯ ಕಡೆ ತಿರುಗಿ ನಕ್ಕಳು.

"ನಿಮ್ ಮಾಮನ್ ಹೆಂಡ್ತಿಗೆ ಈ ವಯಸ್ನಲ್ಲಿ ಬೇರೆ ಕೆಲ್ಸ ಇಲ್ವಾ? ಬೆಕ್ಕಿನ್ ಹಿಂದೆ ಕತ್ರಿ ಹಿಡ್ಕಂಡು ತಿರುಗ್ತಾವ್ಳಾ?"

ನಾದಿನಿ ಲೋಟವನ್ನು ಕೆಳಗಿಟ್ಟಳು. ಆ ಸದ್ದು ನನಗೆ ಗೊತ್ತು. ನಲವತ್ತು ವರ್ಷ ಕೇಳಿದ್ದೇನೆ.

"ಸಮ್ಮಂದಿ," ಅಂದಳು. "ಕತ್ರಿ ಹಿಡಿಯೋದು ಡಾಕ್ಟರಮ್ಮ. ನಮ್ಮತ್ತಿಗೆ ಹಿಡ್ಕಂಡ್ ಹೋಗ್ತಾಳೆ. ನಮ್ ಬೀದೀಲಿ ಈಗ ಒಂದ್ ಮರಿ ಸತ್ತು ಬಿದ್ದಿರಲ್ಲ, ಒಂದ್ ಬೆಕ್ಕು ಕಂಡೋರ್ ಅಟ್ಟದಲ್ಲಿ ಈಯಲ್ಲ. ನಮ್ಮನೆ ಪಟ್ಟೇದನ್ನ ನಾನೇ ಮುಂದೆ ನಿಂತು ಕಳಿಸ್ದೆ. ನಾವ್ ಮಾಡ್ದೆ ಊರಿಗೆ ಹೇಳೋದು ಮರ್ಯಾದಿನಾ?"

ನಾನು ತೆರೆದ ಬಾಯಿ ಮುಚ್ಚಿದೆ.

"ಮರಿ ಕೊಟ್ರೆ ಇಲಿ ಹಿಡಿಯೋಕೆ ಆರ್ ತಿಂಗಳು ಕಾಯ್ಬೇಕು," ಅಂತ ಅವಳು ಮುಂದುವರಿಸಿದಳು. "ಸಮ್ಮಂದಿ ಮನೆ ಕಡ್ಲೆಕಾಯಿ ಅಷ್ಟ್ ದಿನ ತಾಳಲ್ಲ ಅಂತ ಕೆಲ್ಸ ಬಲ್ಲದನ್ನೇ ತಂದಿವ್ನಿ. ಎರಡು ಮರಿ ಲೆಕ್ಕ ಇದೊಂದೇ."

ಸುಳ್ಳು ಒಂದೊಂದೂ ಒರೆಗೆ ಹಾಕಿದ ಚಿನ್ನದ ಹಾಗಿತ್ತು. ಬೀಗಿತ್ತಿ ಗೂಡನ್ನು ಇನ್ನೊಮ್ಮೆ ನೋಡಿದಳು. ಈ ಸಲ ಕಿವಿಯನ್ನು ಒಡವೆ ನೋಡುವ ಹಾಗೆ ನೋಡಿದಳು. ನಾದಿನಿ ಮಾಡಿದ್ದನ್ನು ತಾನು ಮಾಡಿಲ್ಲ ಅನ್ನುವುದು ಅವಳಿಗೆ ಹಿಡಿಸಲಿಲ್ಲ.

"ನಮ್ ಹಿತ್ಲಲ್ಲೂ ಎರಡು ಹೆಣ್ ಬೆಕ್ಕು ತಿರುಗ್ತಾವೆ," ಅಂದಳು. "ಕಡ್ಲೆಕಾಯಿ ಮೂಟೆ ಮೇಲೇ ಈಯ್ತಾವೆ, ಇಲಿ ಮಾತ್ರ ಹಿಡಿಯಲ್ಲ. ಅವಕ್ಕೂ ಮಾಡಿಸ್ಕೊಡ್ರಿ. ಇವ್ನನ್ನ ಕೋಣೆ ಒಳಗ್ ಬಿಡ್ರಿ."

ಹದಿನೈದು ದಿನ ಕೂಡಿಹಾಕಬೇಕು ಅಂದೆ. "ಹೊಸಾ ಅಳಿಯನ್ನ ಇನ್ನೇನ್ ಬೀದಿಗ್ ಬಿಡ್ತಾರಾ," ಅಂತ ತಾನೇ ಚಿಲಕ ಹಾಕಿದಳು. ನಾದಿನಿಯ ಮಗಳು ಅಮ್ಮನ ಕಡೆ ಒಂದು ಸಲ ನೋಡಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಹಪ್ಪಳ ಕರಿಯುವ ಸದ್ದು ಶುರುವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಾದಿನಿ ನನ್ನ ಪಕ್ಕದಲ್ಲೇ ಕೂತಳು. ಖಾಲಿ ಗೂಡು ನಮ್ಮ ಕಾಲಿನ ನಡುವೆ ಇತ್ತು.

"ಆ ಎರಡನ್ನ ಹಿಡಿಯೋಕೆ ನಾನೇ ಬರ್ತೀನಿ," ತೇನಿ ಹತ್ತಿರ ಬಂದಾಗ ಅಂದಳು. "ನೀನ್ ಗೂಡು ಎತ್ಕೊಂಡ್ ಬಾ, ಸಾಕು. ನಿನ್ ಕಣ್ಣ ನಂಬಿದ್ರೆ ಬೆಕ್ಕು ಬಿಟ್ಟು ಆ ಸಮ್ಮಂದೀನೇ ಹಿಡ್ಕಂಡ್ ಬಂದೀಯಾ."

"ಅವಳು ಈ ಗೂಡಲ್ಲಿ ಹಿಡಿಸಲ್ಲ," ಅಂದೆ.

ನಾದಿನಿ ಕಿಟಕಿಯ ಕಡೆ ತಿರುಗಿಕೊಂಡಳು. ಹೆಗಲು ಮಾತ್ರ ಅಲುಗುತ್ತಿತ್ತು.