ಸಿಸ್ಟರಿನ ದನಿ

ಐಸಿಯುವಿನ ಆ ಸಿಸ್ಟರಿನ ಬೆರಳ ಗಂಟುಗಳು ಸದಾ ಬಿಳಿಚಿಕೊಂಡು, ಅಲ್ಲಲ್ಲಿ ಸಿಪ್ಪೆ ಎದ್ದಿರುತ್ತಿದ್ದವು. ತೊಳೆದೂ ತೊಳೆದೂ ಹಾಗಾದ ಕೈಗಳು. ಅವರ ಕೈ ನೋಡಿ ಬುದ್ಧಿ ಕಲಿಯಬೇಕಿದ್ದ ನಾನು ಅವರ ದನಿಯನ್ನು ಕದ್ದೆ. ಇದರಲ್ಲಿ ಮಂಗ ಯಾರೆಂದು ನೀವು ಹುಡುಕುವುದು ಬೇಡ, ನಾನೇ.

ಸುಂಟಿಕೊಪ್ಪದ ನಮ್ಮ ಚಿಕ್ಕಪ್ಪ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಪಕ್ಕೆಲುಬು ಮುರಿದುಕೊಂಡು ಐಸಿಯು ಸೇರಿದ್ದರು. ಉಸಿರಿಗೆ ಯಂತ್ರ, ಮೂತ್ರಕ್ಕೊಂದು ನಳಿಗೆ, ಔಷಧಿಗೆಂದು ಕುತ್ತಿಗೆಯ ರಕ್ತನಾಳದೊಳಗೆ ಒಂದು ಟ್ಯೂಬು. ಸಾಲದ್ದಕ್ಕೆ ಹಳೆಯ ಸಕ್ಕರೆ ಕಾಯಿಲೆ. ಒಳಗೆ ಒಬ್ಬೊಬ್ಬರಿಗೇ ಪ್ರವೇಶ, ಅದೂ ಸಿಸ್ಟರಿನ ಎದುರು ಕೈ ತೊಳೆದ ಮೇಲೆ. ಸಿಸ್ಟರ್ ಕೇರಳದವರು, ನನ್ನಂಥವರೆಲ್ಲ ಅವರಿಗೆ 'ಮೋನೆ', ಅಂದರೆ ಮಗನೇ. "ಹೆಬ್ಬೆರಳು ಬಿಟ್ಟೆಯಲ್ಲಾ ಮೋನೆ. ಅವಸರ ಎಂಥಕ್ಕೆ, ನಾಪೋಕ್ಲು ಬಸ್ಸು ಹೊರಗೆ ನಿಂತಿದೆಯಾ?"

ಒಂದು ಮಧ್ಯಾಹ್ನ ನೆಂಟರು ಜೀಪು ತುಂಬ ಬಂದಿಳಿದರು. ಬಾಗಿಲಿನ ಸೆಕ್ಯೂರಿಟಿ ಶನಿವಾರಸಂತೆ ಕಡೆಯವನು. "ನನ್ನೇನ್ ಕೇಳ್ತೀರ, ಸಿಸ್ಟರ್ ಹೇಳ್ಲಿ, ಬಿಡ್ತೀನಿ," ಎಂದ. ನಾನು ಗೋಡೆಯ ಮರೆಗೆ ಸರಿದು, ಮೂಗಿನಲ್ಲೇ ರಾಗ ಎಳೆದು, ಅವರ ಹಾಗೇ ಅವನನ್ನು ಮಲಯಾಳದಲ್ಲಿ ಅಣ್ಣಾ ಎಂದು ಕರೆದು, ಸಿಸ್ಟರ್ ಆದೆ: "ಚೇಟ್ಟಾ, ಅವರನ್ನ ಬಿಟ್ಟುಬಿಡಿ. ಪಾಪ."

ಬಿಟ್ಟ. ಯಾರೂ ಕೈ ತೊಳೆಯಲಿಲ್ಲ. ಚಿಕ್ಕಮ್ಮ ತಂದಿದ್ದ ತಲಕಾವೇರಿಯ ತೀರ್ಥವನ್ನು ಚಿಕ್ಕಪ್ಪನ ಹಣೆಗೆ ಹಚ್ಚಿ, ಕುತ್ತಿಗೆಗೂ ಸವರಿದರು. ಟ್ಯೂಬಿನ ಸುತ್ತಲಿನ ಪಟ್ಟಿ ಒದ್ದೆಯಾಯಿತು. ಆಚೆ ಮಂಚದಿಂದ ಓಡಿ ಬಂದ ಸಿಸ್ಟರ್ ಎಲ್ಲರನ್ನೂ ಹೊರಗೆ ಕಳಿಸಿ ಪಟ್ಟಿ ಬದಲಿಸಿದರು. ಬೈಯಲಿಲ್ಲ. ಬೈದಿದ್ದರೆ ಅದನ್ನೂ ಅಣಕಿಸಿ ಹಗುರಾಗುತ್ತಿದ್ದೆ.

ಆಮೇಲೆ ಚಿಕ್ಕಪ್ಪನಿಗೆ ಚಳಿ ಜ್ವರ ಬಂತು. ರಕ್ತಕ್ಕೇ ಸೋಂಕು ಸೇರಿದೆ, ಬದುಕುವುದು ಕಷ್ಟ ಎಂದರು ಡಾಕ್ಟರು. ಸಿಸ್ಟರಿಗೆ ಎಲ್ಲ ಹೇಳಿ, "ನನ್ನಿಂದ್ಲೇ ಅಲ್ವಾ?" ಎಂದೆ.

"ಗೊತ್ತಿಲ್ಲ ಮೋನೆ. ಸಕ್ಕರೆ ಉಂಟು, ಮಿಷಿನ್ ಉಂಟು, ಟ್ಯೂಬ್ ಉಂಟು, ಮಲಗಿ ತುಂಬ ದಿನ ಆಯ್ತು. ಯಾವ ಬಾಗಿಲಿಂದ ಬಂತು ಅಂತ ಯಾರಿಗೂ ಹೇಳ್ಲಿಕ್ಕೆ ಆಗೋದಿಲ್ಲ." ಕೈಗೆ ಸೋಪು ಹಚ್ಚುತ್ತಾ ಹೇಳಿದರು: "ಒಂದು ಬಾಗಿಲು ನೀನು ತೆಗೆದದ್ದು ಹೌದು. ಇನ್ನು ಎಲ್ಲಾ ಮುಚ್ಚುವ."

ಆ ಟ್ಯೂಬು ತೆಗೆಸಿದರು, ಔಷಧಿ ಬದಲಾಯಿತು. ಟ್ಯೂಬು ಕಾಣದೆ ಚಿಕ್ಕಮ್ಮ ನನ್ನನ್ನು ಹಿಡಿದು ಅಳತೊಡಗಿದರು. "ಟ್ಯೂಬ್ ತೆಗ್ದೊ ಅಂದ್ರೆ ಡಾಕ್ಟ್ರು ಕೈ ಬುಟ್ಟೊ ಅಂತ ತಾನೆ ಹೈದ?"

"ಅಲ್ಲ ಅಮ್ಮಾ," ಎಂದು ಸಿಸ್ಟರೇ ಪಕ್ಕದಲ್ಲಿ ಕುಳಿತರು. "ಒಂದೊಂದೇ ಕಡಿಮೆ ಆಗ್ಬೇಕು. ಅದೇ ಒಳ್ಳೇದು." ಅಲ್ಲಿಂದ ಮುಂದೆ ಡಾಕ್ಟರು ಬಂದಾಗಲೆಲ್ಲ ಉಳಿದ ನಳಿಗೆ ತೋರಿಸಿ, "ಸಾರ್, ಇದು ಇವತ್ತೂ ಬೇಕಾ?" ಎಂದು ಕೇಳುವರು. ಒಂದು ದಿನ ಡಾಕ್ಟರು "ಬೇಡ" ಎಂದರು. ಇನ್ನೊಂದು ದಿನ ಉಸಿರಿನ ಯಂತ್ರವೂ ಬೇಡ ಎಂದರು. ಚಿಕ್ಕಪ್ಪ ಕಣ್ಣು ಬಿಟ್ಟು, ನನ್ನನ್ನು ನೋಡಿ, ಎಂದಿನಂತೆ ಮುಖ ಸಿಂಡರಿಸಿ ಮತ್ತೆ ಮುಚ್ಚಿಕೊಂಡರು. ಪೂರ್ತಿ ಗುಣವಾಗಿದ್ದಾರೆಂದು ನನಗೆ ಗೊತ್ತಾದದ್ದು ಆಗಲೇ.

ಮನೆಗೆ ಹೊರಡುವ ದಿನ ಸಿಸ್ಟರಿಗೆ ಒಂದಿಷ್ಟು ಕರಿಮೆಣಸು ಕೊಡಲು ಹೋದೆ. ಅಷ್ಟರಲ್ಲಿ ಗುಟ್ಟು ತಿಳಿದಿದ್ದ ಸೆಕ್ಯೂರಿಟಿ ಬಿಡಬೇಕಲ್ಲ. "ಇವ್ನೇ ಕಣ್ರೀ ಸಿಸ್ಟರ್, ನಿಮ್ ದನೀಲಿ ನಂಗೆ ಟೋಪಿ ಹಾಕಿದ್ದು. ಒಂದ್ಸಲ ಮಾಡ್ಸಿ ನೋಡಿ."

ಮಾಡಿದೆ. 'ಚೇಟ್ಟಾ'ದಿಂದ 'ಪಾಪ'ದವರೆಗೆ, ರಾಗ ಸಮೇತ. ಒಳಗಿನ ನರ್ಸುಗಳೆಲ್ಲ ನಕ್ಕರು, ಸಿಸ್ಟರೂ ನಕ್ಕರು. ಆಮೇಲೆ ಮೊಣಕೈಯಿಂದ ನಲ್ಲಿ ತಿರುಗಿಸಿ, ಸಿಪ್ಪೆ ಎದ್ದ ಆ ಕೈಗಳನ್ನು ಹಿಂದಕ್ಕೆ ಕಟ್ಟಿ, ಪಕ್ಕಕ್ಕೆ ಸರಿದು ನಿಂತರು.

"ದನಿ ಸರಿಯಾಗಿ ಬಂತು ಮೋನೆ. ಈಗ ನನ್ನ ಹಾಗೆ ಕೈ ತೊಳೆದು ತೋರಿಸು."